ಹತ್ತು ಸಾವಿರ ಮಂದಿಯ ನೂರು ರೂಪಾಯಿ

ಪ್ರಶ್ನೆ: ನಾನು ಕಲಬುರಗಿಯಲ್ಲಿ ಹೈಸ್ಕೂಲ್ ಶಿಕ್ಷಕಿ. ಶಿಕ್ಷಕರು, ನರ್ಸುಗಳು, ಬ್ಯಾಂಕಿನವರು ಸೇರಿ ನಾವು 34 ಮಂದಿ 2017ರಿಂದ ಪ್ರತಿ ತಿಂಗಳು ಸಂಬಳದ ನೂರಕ್ಕೆ ಐದರಷ್ಟು ತೆಗೆದಿಟ್ಟು, ಸೇಡಂ, ಚಿತ್ತಾಪುರ, ಜೇವರ್ಗಿ ಕಡೆಯ ಬಡಮಕ್ಕಳ ಪಿಯುಸಿ, ಡಿಪ್ಲೊಮಾ, ನರ್ಸಿಂಗ್ ಓದಿಗೆ ಕೊಡುತ್ತಿದ್ದೇವೆ. ಈ ವರ್ಷ 61 ಮಕ್ಕಳಿದ್ದಾರೆ, ಒಬ್ಬರಿಗೆ ಸುಮಾರು 18,000 ರೂಪಾಯಿ. ಕೊಡುವ ಮೊದಲು ನಮ್ಮಲ್ಲಿ ಒಂಬತ್ತು ಮಂದಿ ಮನೆಗೇ ಹೋಗಿ ನೋಡಿ ಬರುತ್ತಾರೆ. ಈಚೆಗೆ ನಮ್ಮ ಕಿರಿಯ ಸದಸ್ಯನೊಬ್ಬ ಮಾಡಿದ ರೀಲನ್ನು ಮೂರು ಲಕ್ಷ ಜನ ನೋಡಿದರು. 400 ಮಂದಿ ‘ನಾವೂ ಸೇರ್ತೀವಿ’ ಅಂದಿದ್ದಾರೆ. ತಿಂಗಳಿಗೆ ನೂರು ರೂಪಾಯಿ ಕೊಡುವ ಹತ್ತು ಸಾವಿರ ಮಂದಿಯನ್ನು ಕೂಡಿಸೋಣ ಅಂತ ಅವನ ಹಟ. ಊರಿನ ಮುಖಂಡರೊಬ್ಬರು ದೊಡ್ಡ ಸಮಾರಂಭ ಮಾಡಿಕೊಡುತ್ತೇನೆ ಅಂದಿದ್ದಾರೆ. ನಮ್ಮ ಹಿರಿಯರೊಬ್ಬರು ಮಾತ್ರ ‘ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು, ಬೆಳೆದರೆ ಕೆಡುತ್ತದೆ’ ಎನ್ನುತ್ತಾರೆ. ನಾವು ಬೆಳೆಯಬೇಕೋ, ಇದ್ದಷ್ಟರಲ್ಲೇ ಇರಬೇಕೋ?

ಉತ್ತರ: ಅಕ್ಕೋರೇ, ನಿಮ್ಮ ಪತ್ರ ಓದಿ ಮೊದಲು ಮಾಡಿದ ಕೆಲಸ ಕಾಗದ ಪೆನ್ನು ತಗೊಂಡು ಲೆಕ್ಕ ಹಾಕಿದ್ದು. ಮೂವತ್ತು ವರ್ಷ ಈ ಭಾಗದ ಟ್ರಸ್ಟು, ಸಂಘಗಳ ಲೆಕ್ಕಪತ್ರ ನೋಡಿದವನಿಗೆ ಬೇರೆ ಚಟ ಇರುವುದಿಲ್ಲ.

ಹತ್ತು ಸಾವಿರ ಮಂದಿ ತಿಂಗಳಿಗೆ ನೂರು ರೂಪಾಯಿ ಕೊಟ್ಟರೆ ವರ್ಷಕ್ಕೆ ಒಂದು ಕೋಟಿ ಇಪ್ಪತ್ತು ಲಕ್ಷ. ಕೇಳಲು ಚೆಂದ. ಈಗ ನಿಮ್ಮ 34 ಮಂದಿಯನ್ನು ನೋಡಿ. 61 ಮಕ್ಕಳಿಗೆ ತಲಾ 18,000 ಅಂದರೆ ಹತ್ತಿರ ಹತ್ತಿರ 11 ಲಕ್ಷ, ನಿಮ್ಮಲ್ಲಿ ಒಬ್ಬೊಬ್ಬರು ವರ್ಷಕ್ಕೆ 32,000ದ ಆಸುಪಾಸು ಕೊಡುತ್ತಿದ್ದೀರಿ. ಇದೇ ಅಳತೆಯಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ ಕೂಡಿಸಲು ಎಷ್ಟು ಮಂದಿ ಬೇಕು? 370. ಹತ್ತು ಸಾವಿರ ಅಲ್ಲ, ಮುನ್ನೂರೆಪ್ಪತ್ತು. ನಿಮಗೆ ಮೆಸೇಜ್ ಮಾಡಿದ 400 ಮಂದಿಗಿಂತ ಕಡಿಮೆ. ಆ 400ರಲ್ಲಿ ನಿಜವಾಗಿ ಐದು ಪರ್ಸೆಂಟ್ ಕೊಡುವವರು ಮೂವತ್ತು ನಲವತ್ತು ಮಂದಿ ಸಿಕ್ಕರೂ ನಿಮ್ಮ ಗುಂಪು ಇಮ್ಮಡಿ ಆಗುತ್ತದೆ.

ನಿಮ್ಮ ಹುಡುಗನ ಲೆಕ್ಕದಲ್ಲಿ ತಪ್ಪಿರುವುದು ಗುಣಾಕಾರದಲ್ಲಲ್ಲ. ಮಂದಿಯನ್ನು ಹೆಚ್ಚಿಸುವ ಭರದಲ್ಲಿ ಅವನು ನಿಯಮವನ್ನೇ ಬದಲಿಸಿದ್ದಾನೆ. ನಿಮ್ಮ ಚಳವಳಿಯ ಜೀವ ಇರುವುದು ಐದು ಪರ್ಸೆಂಟ್‌ನಲ್ಲಿ. ಸಂಬಳ ಬಂದ ದಿನ ಅದು ಕೈಗೆ ಹತ್ತುತ್ತದೆ, ಮನೆಯಲ್ಲಿ ಮಾತಾಗುತ್ತದೆ, ಹಬ್ಬಕ್ಕೆ ತರಬೇಕೆಂದಿದ್ದ ಸೀರೆ ಒಂದು ತಿಂಗಳು ಮುಂದೆ ಹೋಗುತ್ತದೆ. ಹಾಗೆ ಕೊಟ್ಟವರು ದುಡ್ಡು ಎಲ್ಲಿಗೆ ಹೋಯಿತು ಎಂದು ಕೇಳದೆ ಬಿಡುವುದಿಲ್ಲ. ನೂರು ರೂಪಾಯಿ ಕೊಟ್ಟವರು ಯಾರೂ ಕೇಳುವುದಿಲ್ಲ. ಕೇಳದ ಹತ್ತು ಸಾವಿರ ಮಂದಿಯ ದುಡ್ಡು ಇಟ್ಟುಕೊಂಡ ಸಂಸ್ಥೆಗಳ ಪುಸ್ತಕಗಳು ನನ್ನ ಮೇಜಿನ ಮೇಲೆ ಎಷ್ಟೋ ಬಂದು ಹೋಗಿವೆ. ಅವುಗಳ ಬಗ್ಗೆ ಹೆಚ್ಚು ಹೇಳಲಾರೆ.

ಇನ್ನೊಂದು ಲೆಕ್ಕವೂ ಇದೆ, ಅದು ಇದಕ್ಕಿಂತ ಕಠಿಣ. ನಿಮ್ಮ ಒಂಬತ್ತು ಮಂದಿ 61 ಮಕ್ಕಳ ಮನೆ ನೋಡುತ್ತಿದ್ದಾರೆ, ಒಬ್ಬರಿಗೆ ಏಳರ ಹತ್ತಿರ. ಭಾನುವಾರ ಬಸ್ಸು ಹತ್ತಿ, ಊರ ಹೊರಗೆ ಇಳಿದು, ನಡೆದು, ತಾಯಿಯ ಜೊತೆ ಕೂತು ಮಾತಾಡಿ ಬರುವ ಕೆಲಸ ಅದು. ನೌಕರಿಯ ಜೊತೆಗೆ ವರ್ಷಕ್ಕೆ ಎಂಟು ಮನೆ ಅಂದರೆ ತುಂಬಾ ಆಯಿತು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೆ 660 ಚಿಲ್ಲರೆ ಮಕ್ಕಳಾಗುತ್ತಾರೆ, ಅವರಿಗೆ 80ಕ್ಕಿಂತ ಹೆಚ್ಚು ಮಂದಿ ಮನೆ ನೋಡುವವರು ಬೇಕು. ದುಡ್ಡು ಮೊಬೈಲಿನಲ್ಲಿ ಒಂದೇ ರಾತ್ರಿಯಲ್ಲಿ ಬಂದೀತು, ನಿಮ್ಮ ಒಂಬತ್ತರ ಮೇಲೆ ಬೇಕಾದ ಆ ಎಪ್ಪತ್ತು ಚಿಲ್ಲರೆ ಮಂದಿ ಬರುವುದಿಲ್ಲ. ಅವರಿಲ್ಲದಿದ್ದರೆ ನೀವು ಅರ್ಜಿ ಫಾರ್ಮು ನೋಡಿ ಕೊಡಲು ಶುರು ಮಾಡುತ್ತೀರಿ. ಫಾರ್ಮು ಚೆನ್ನಾಗಿ ತುಂಬಲು ಬರುವ ಮನೆಗೆ ದುಡ್ಡು ಹೋಗುತ್ತದೆ, ಬರದ ಮನೆ ಉಳಿದುಬಿಡುತ್ತದೆ.

ಹಾಗಂತ ‘ಬೆಳೆದರೆ ಕೆಡುತ್ತದೆ’ ಎಂದವರ ಮಾತಿಗೆ ತಲೆಯಾಡಿಸುತ್ತಿದ್ದೇನೆ ಅಂದುಕೊಳ್ಳಬೇಡಿ. ನಮ್ಮ ಊರಲ್ಲೇ ಇದಕ್ಕೆ ಉತ್ತರ ಇದೆ. ಶರಣಬಸವೇಶ್ವರರ ದಾಸೋಹಕ್ಕೆ ಹೋಗಿ ಬನ್ನಿ. ಅರಳಗುಂಡಗಿಯಿಂದ ಬಂದ, ಒಕ್ಕಲುತನ ಮಾಡುತ್ತಿದ್ದ ಒಬ್ಬ ಶರಣ ಸುಮಾರು ಇನ್ನೂರು ವರ್ಷದ ಹಿಂದೆ ಹಚ್ಚಿದ ಒಲೆ. ಎಷ್ಟು ಮಂದಿ ಉಂಡರು, ಎಷ್ಟು ಚೀಲ ಜೋಳ ಬಂತು, ಯಾರಿಗೂ ಅದು ಭಾರವಾಗಲಿಲ್ಲ. ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ಲಂಗರ್ ಇದೆ, ಬಂದವರಿಗೆಲ್ಲ ಊಟ. ಖ್ವಾಜಾ ಬಂದೇ ನವಾಜರ ಉರುಸಿಗೆ ಲಕ್ಷ ಜನ ಬರುತ್ತಾರೆ, ಹಸಿದು ಹೋದವರಿಲ್ಲ. ಇವೆಲ್ಲ ಎಂದೋ ದೊಡ್ಡದಾದವು, ಕೆಡಲಿಲ್ಲ.

ಯಾಕೆ ಕೆಡಲಿಲ್ಲ ಎಂಬುದನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಭಕ್ತಿಯಿಂದ ಎಂದರೆ ಸುಲಭದ ಉತ್ತರ. ನನಗೆ ಕಂಡ ಕಾರಣ ಬೇರೆ: ಪಂಕ್ತಿಯಲ್ಲಿ ಬಂದು ಕೂತವನ ಹಸಿವಿಗೆ ಸರ್ಟಿಫಿಕೇಟು ಬೇಡ. ಹೊಟ್ಟೆ ತುಂಬಿದವನು ನೆಲದ ಮೇಲೆ ಕೂತು ಸಾರು ರೊಟ್ಟಿ ಉಣ್ಣಲು ದಿನಾ ಬರುವುದಿಲ್ಲ, ಬಂದರೂ ಹೋಗುವುದು ಒಂದು ರೊಟ್ಟಿ. ಯಾರಿಗೆ ಕೊಡಬೇಕು ಎಂಬ ತೀರ್ಮಾನವನ್ನು ಉಣ್ಣುವವನೇ ಮಾಡಿಕೊಂಡು ಬಂದಿರುತ್ತಾನೆ. ಅಂಥ ದಾನ ಎಷ್ಟು ಬೇಕಾದರೂ ಬೆಳೆಯಬಹುದು. ರಕ್ತದಾನ ಹಾಗೆ, ಬೇಸಿಗೆಯ ನೀರಿನ ಅರವಟ್ಟಿಗೆ ಹಾಗೆ. ನಿಮ್ಮ ದಾನ ಹಾಗಲ್ಲ. 18,000 ರೂಪಾಯಿ ಯಾರಿಗೆ ಬೇಡ? ಅಲ್ಲಿ ಆರಿಸುವವರು ಬೇಕು. ಆರಿಸುವವರ ಕಾಲು ನಡೆದಷ್ಟೇ ನಿಮ್ಮ ಚಳವಳಿ ನಡೆಯಬೇಕು, ಅದಕ್ಕಿಂತ ಮುಂದೆ ಹೋಗಬಾರದು.

ಈ ಮಾತಿಗೆ ನಮ್ಮ ಪಕ್ಕದಲ್ಲೇ ನಡೆದ ಒಂದು ದೊಡ್ಡ ಪಾಠವಿದೆ. 1951ರ ಏಪ್ರಿಲ್ 18ರಂದು ನಲ್ಗೊಂಡ ಜಿಲ್ಲೆಯ ಪೋಚಂಪಲ್ಲಿಯಲ್ಲಿ ಭೂಮಿಯಿಲ್ಲದ ದಲಿತರು ವಿನೋಬಾ ಭಾವೆಯವರ ಮುಂದೆ ನಿಂತು ಉಳಲು ನೆಲ ಕೇಳಿದರು. ಅಲ್ಲೇ ಇದ್ದ ರಾಮಚಂದ್ರ ರೆಡ್ಡಿಯವರು 100 ಎಕರೆ ಕೊಡುತ್ತೇನೆ ಎಂದರು. ಆಗ ಪೋಚಂಪಲ್ಲಿಯೂ ಕಲಬುರಗಿಯೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಅಲ್ಲಿಂದ ಭೂದಾನ ದೇಶವನ್ನೆಲ್ಲ ಹಬ್ಬಿತು. ಗುರಿ ಐದು ಕೋಟಿ ಎಕರೆ. ಬಂದದ್ದು 40 ಲಕ್ಷಕ್ಕೂ ಮೀರಿ, ಅದೇನು ಸಣ್ಣ ಮಾತಲ್ಲ. ವಿನೋಬಾ ಬರಿಗೈಲಿ ನಡೆದು ಪಡೆದದ್ದು ಅದು. ಆದರೆ ಸಭೆಯಲ್ಲಿ ಎದ್ದು ನಿಂತು ‘ಕೊಟ್ಟೆ’ ಅನ್ನಲು ಅರ್ಧ ನಿಮಿಷ ಸಾಕು. ಆ ನೆಲ ಅಳೆಯಬೇಕು, ಹದ್ದು ಗುರುತಿಸಬೇಕು, ಖಾತೆ ಬದಲಾಗಬೇಕು, ಅದು ಕಲ್ಲು ಗುಡ್ಡವೋ ಕೆರೆಯಂಗಳವೋ ಅಣ್ಣತಮ್ಮಂದಿರ ವ್ಯಾಜ್ಯದಲ್ಲಿದೆಯೋ ನೋಡಬೇಕು, ಆಮೇಲೆ ಉಳುವವನಿಗೆ ಎತ್ತು ಬೀಜ ಬೇಕು. ಅದನ್ನು ಮಾಡುವ ಕೈಗಳು ದಾನಿಗಳ ವೇಗಕ್ಕೆ ಬೆಳೆಯಲಿಲ್ಲ. ಹಂಚಲಾದದ್ದು ಬಂದದ್ದರಲ್ಲಿ ಒಂದು ಪಾಲು ಮಾತ್ರ. ಎಷ್ಟೋ ದಾನಪತ್ರಗಳು ಕಾಗದವಾಗಿಯೇ ಉಳಿದವು. ಕೊಟ್ಟವರ ಮನಸ್ಸು ಕೆಟ್ಟದ್ದಿತ್ತು ಎಂದು ಎಲ್ಲರನ್ನೂ ದೂರಲಾರೆ. ಜನಸಾಗರದ ಮುಂದೆ ಕೊಡುವವನಿಗೆ ಚಪ್ಪಾಳೆ ಮೊದಲೇ ಸಿಕ್ಕಿಬಿಡುತ್ತದೆ, ಉಳಿದ ಕೆಲಸಕ್ಕೆ ಚಪ್ಪಾಳೆ ಇರುವುದಿಲ್ಲ.

ನಮ್ಮದೇ ಒಂದು ಅನುಭವ ಹೇಳುತ್ತೇನೆ, ನಾಚಿಕೆಯ ಅನುಭವ. 2020ರ ಅಕ್ಟೋಬರಿನಲ್ಲಿ ಭೀಮಾ ಹೊಳೆ ಉಕ್ಕಿತು, ನಿಮಗೆ ನೆನಪಿರಬೇಕು. ಆಗ ನಾನು ಸಲಹೆಗಾರನಾಗಿದ್ದ ಒಂದು ಗುಂಪು ಮೊಬೈಲಿನಲ್ಲಿ ಕರೆ ಕೊಟ್ಟಿತು. ಜನ ಹುಚ್ಚೆದ್ದು ಕೊಟ್ಟರು. ನಾಲ್ಕನೇ ದಿನ ಹಳೆ ಸೀರೆ, ಪ್ಯಾಂಟು, ಬಿಸ್ಕತ್ತಿನ ಡಬ್ಬಿ ತುಂಬಿದ ಲಾರಿ ಹಿಂದೆ ಲಾರಿ. ಊರಿನ ಹೆಣ್ಣುಮಗಳೊಬ್ಬಳು ಆ ಬಟ್ಟೆಯ ಗುಡ್ಡ ನೋಡಿ, ‘ಇದೆಲ್ಲಾ ಯಾರಿಗಿ ಬೇಕ್ರಿ ಸಾಹೇಬ್ರ, ಎಮ್ಮಿಗಿ ಕಣಕಿ ಇಲ್ಲ’ ಅಂದಳು. ಕಣಕಿ, ಅಂದರೆ ಜೋಳದ ಒಣ ಮೇವು, ಕೊಡಿ ಎಂದು ನಾವು ಯಾರನ್ನೂ ಕೇಳಿರಲಿಲ್ಲ, ಯಾಕಂದರೆ ನಮಗೇ ಗೊತ್ತಿರಲಿಲ್ಲ. ಬಟ್ಟೆ ಮತ್ತೊಂದು ಮಳೆಗೆ ನೆನೆದು ನಾತ ಹೊಡೆಯಿತು. ಅದನ್ನು ಸಾಗಿಸಲು ಟ್ರ್ಯಾಕ್ಟರ್ ಬಾಡಿಗೆ ನಾವೇ ಕೊಟ್ಟೆವು. ಆ ಬಾಡಿಗೆಯನ್ನು ‘ಪರಿಹಾರ ಕಾರ್ಯ’ ಎಂಬ ತಲೆಬರಹದಡಿ ಬರೆದವನು ನಾನೇ.

ಹೊರದೇಶದ ಒಂದು ಗುಂಪಿಗೂ ನಿಮ್ಮದೇ ಪ್ರಶ್ನೆ ಎದುರಾಗಿತ್ತು. 2009ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಟೋಬಿ ಆರ್ಡ್, ವಿಲಿಯಂ ಮೆಕಾಸ್ಕಿಲ್ ಎಂಬ ತತ್ವಶಾಸ್ತ್ರದವರು ಗಳಿಕೆಯ ಹತ್ತನೇ ಒಂದು ಪಾಲನ್ನು ಕೊಡುವ ಪ್ರತಿಜ್ಞೆ ಶುರು ಮಾಡಿದರು. ಎಲ್ಲಿ ಕೊಟ್ಟರೆ ಒಂದು ರೂಪಾಯಿಗೆ ಹೆಚ್ಚು ಜೀವ ಉಳಿಯುತ್ತದೆ ಎಂದು ಲೆಕ್ಕ ಹಾಕಿ ಕೊಡುವುದು ಅವರ ರೀತಿ. ಎಲ್ಲರನ್ನೂ ಸೇರಿಸಿಕೊಳ್ಳಬೇಕೇ, ವಿಷಯ ಸರಿಯಾಗಿ ಅರ್ಥವಾದವರನ್ನಷ್ಟೇ ಇಟ್ಟುಕೊಳ್ಳಬೇಕೇ ಎಂದು ಅವರೊಳಗೆ ವರ್ಷಗಟ್ಟಲೆ ವಾದ ನಡೆಯಿತು. ಅವಸರ ಮಾಡಲಿಲ್ಲ. ಪ್ರತಿಜ್ಞೆ ಮಾಡಿದವರು ಹತ್ತು ಸಾವಿರದ ಆಸುಪಾಸಿಗೆ ಬರಲು ಹದಿನೈದು ವರ್ಷ ಹಿಡಿಯಿತು. ಪೆಟ್ಟು ಬಿದ್ದದ್ದು ಜನಜಂಗುಳಿಯಿಂದಲ್ಲ. ಆ ವಿಚಾರವನ್ನೇ ನೆಚ್ಚಿದವನೆಂದು ಹೆಸರಾಗಿದ್ದ ಒಬ್ಬ ಭಾರಿ ಶ್ರೀಮಂತ, ಎಫ್‌ಟಿಎಕ್ಸ್ ಎಂಬ ಕ್ರಿಪ್ಟೊ ಕಂಪನಿಯ ಸ್ಯಾಮ್ ಬ್ಯಾಂಕ್‌ಮನ್-ಫ್ರೈಡ್, ದೊಡ್ಡ ಮೊತ್ತ ಹರಿಸತೊಡಗಿದ್ದ. 2022ರ ನವೆಂಬರಿನಲ್ಲಿ ಕಂಪನಿ ಮುಳುಗಿತು, ಗಿರಾಕಿಗಳ ಹಣಕ್ಕೆ ಕೈ ಹಾಕಿದ್ದು ಬಯಲಾಯಿತು, 2024ರಲ್ಲಿ ಅವನಿಗೆ 25 ವರ್ಷ ಜೈಲು. ಸಂಬಳದಲ್ಲಿ ಹತ್ತನೇ ಪಾಲು ಕೊಡುತ್ತಿದ್ದ ಸಾಮಾನ್ಯ ಮೇಷ್ಟ್ರು, ಡಾಕ್ಟರುಗಳ ಹೆಸರಿಗೂ ಆ ಮಸಿ ಹತ್ತಿತು.

ಇದನ್ನು ಯಾಕೆ ಹೇಳಿದೆ ಅಂದರೆ ನಿಮ್ಮ ಪತ್ರದಲ್ಲಿ ಮುಖಂಡರ ಸಮಾರಂಭದ ಮಾತು ಒಂದೇ ಸಾಲಿನಲ್ಲಿ ಬಂದು ಹೋಗಿದೆ. ನನಗೆ ಹತ್ತು ಸಾವಿರ ಮಂದಿಗಿಂತ ಆ ಒಬ್ಬರ ಭಯವೇ ಹೆಚ್ಚು. ಬೇಡ ಎನ್ನಿ. ಶಾಲು ಹೊದಿಸಿ, ಚೆಕ್ಕು ಹಿಡಿಸಿ, ಹುಡುಗಿಯ ಫೋಟೊ ಬ್ಯಾನರಿಗೆ ಹಾಕಿದ ದಿನ ಅವಳು ನಿಮ್ಮ ವಿದ್ಯಾರ್ಥಿನಿ ಆಗಿರುವುದಿಲ್ಲ.

ಇನ್ನು ನಿಮ್ಮ ಹಿರಿಯರ ಪಕ್ಷ. ಬಲಗೈ ಎಡಗೈ ಮಾತು ಒಬ್ಬ ದಾನಿಗೆ ಸರಿ, 34 ಮಂದಿಯ ಗುಂಪಿಗೆ ಅಲ್ಲ. ಗುಂಪಿನ ಲೆಕ್ಕ ಎಡಗೈಗೂ ಗೊತ್ತಿರಬೇಕು, ಪಕ್ಕದ ಮನೆಯವರ ಕೈಗೂ ಗೊತ್ತಿರಬೇಕು. ಸಣ್ಣದಾಗಿದ್ದರೆ ಶುದ್ಧವಾಗಿರುತ್ತದೆ ಎಂಬುದೂ ಅರ್ಧ ಸತ್ಯ. ಒಂದು ಕೆಲಸ ಮಾಡಿ: 61 ಮಕ್ಕಳ ಪಟ್ಟಿ ತೆಗೆದು ಒಬ್ಬೊಬ್ಬರ ಮುಂದೆ ಊರು ಬರೆಯಿರಿ, ಅವರನ್ನು ನಿಮಗೆ ಹೇಳಿದವರು ಯಾರು ಎಂದೂ ಬರೆಯಿರಿ. ನಾನು ಪಣ ಕಟ್ಟುತ್ತೇನೆ, ಮುಕ್ಕಾಲು ಪಾಲು ನಿಮ್ಮ ಸದಸ್ಯರ ತವರೂರು, ನೌಕರಿಯ ಊರು, ಬೀಗರ ಊರುಗಳಿಂದಲೇ ಬಂದಿರುತ್ತಾರೆ. ಚಿಂಚೋಳಿಯ ತಾಂಡಾದವರು ಎಷ್ಟು ಮಂದಿ? ಅಪ್ಪ ಅವ್ವ ಪುಣೆಗೋ ಬೆಂಗಳೂರಿಗೋ ಗುಳೆ ಹೋಗಿ, ಅಜ್ಜಿಯ ಹತ್ತಿರ ಉಳಿದ ಸುರಪುರ, ಶಹಾಪುರದ ಮಕ್ಕಳು ಎಷ್ಟು? ಸಣ್ಣ ಗುಂಪಿಗೆ ಪರಿಚಯವೇ ಕಣ್ಣು, ಆ ಕಣ್ಣು ಜಾತಿ, ಕೇರಿ, ಬಂಧುಬಳಗ ದಾಟಿ ನೋಡುವುದು ಕಡಿಮೆ. ಮೇಲಾಗಿ ನಿಮ್ಮ 34ರಲ್ಲಿ ಎಷ್ಟು ಮಂದಿ ಇನ್ನು ಐದು ವರ್ಷದಲ್ಲಿ ರಿಟೈರ್ ಆಗುತ್ತಾರೆ? ಎಷ್ಟು ಮಂದಿಗೆ ವರ್ಗ ಆಗುತ್ತದೆ? ಇಂಥ ಗುಂಪುಗಳು ಭ್ರಷ್ಟಾಚಾರದಿಂದ ಸಾಯುವುದು ಅಪರೂಪ. ವರ್ಗಾವಣೆ, ಮೊಣಕಾಲು ನೋವು, ಮಗಳ ಮದುವೆ ಇವುಗಳಿಂದಲೇ ಸಾಯುತ್ತವೆ.

ಆದ್ದರಿಂದ ಬೆಳೆಯಿರಿ ಎನ್ನುತ್ತೇನೆ, ಹುಡುಗ ಹೇಳಿದ ಕಡೆಗಲ್ಲ. ಆ 400 ಮಂದಿಗೆ ಉತ್ತರ ಬರೆಯಿರಿ: ‘ದುಡ್ಡು ಈಗ ಬೇಡ. ಬರುವ ಭಾನುವಾರ ನಮ್ಮ ಜೊತೆ ಒಂದು ಮನೆಗೆ ಬನ್ನಿ.’ ಮುನ್ನೂರೈವತ್ತು ಮಂದಿ ಮಾಯವಾಗುತ್ತಾರೆ, ಅದರಲ್ಲಿ ಬೇಸರಪಡುವುದೇನಿಲ್ಲ. ಬಂದ ಐವತ್ತರಲ್ಲಿ ಮೂರು ಮನೆ ನೋಡಿದ ಮೇಲೂ ಉಳಿದವರಿಗೆ ಐದು ಪರ್ಸೆಂಟಿನ ಮಾತು ಹೇಳಿ. ಕೊಡಲಾಗದವರು ಇರುತ್ತಾರೆ, ಕಾಲು ಇರುವ ಬಡ ಕಾಲೇಜು ಹುಡುಗರು, ನಿಮ್ಮಿಂದಲೇ ಓದಿ ಈಗ ಕೆಲಸ ಹುಡುಕುತ್ತಿರುವವರು. ಅವರನ್ನು ದುಡ್ಡಿಲ್ಲದೆಯೇ ಸದಸ್ಯರಾಗಿ ಮಾಡಿಕೊಳ್ಳಿ, ತಾಂಡಾದ ದಾರಿ ಅವರಿಗೇ ಗೊತ್ತು.

ಬೀದರ, ಯಾದಗಿರಿಯವರು ಆಸಕ್ತಿ ತೋರಿಸಿದರೆ ನಿಮ್ಮ ಖಾತೆಗೆ ಅವರ ದುಡ್ಡು ತರಿಸಿಕೊಳ್ಳಬೇಡಿ. ಒಂದು ಚಮಚ ಹೆಪ್ಪು ಕೊಟ್ಟು ಕಳಿಸಿ, ಅವರ ಹಾಲು ಅವರ ಮನೆಯಲ್ಲೇ ಹೆಪ್ಪಾಗಲಿ. ಅವರ ಗುಂಪು, ಅವರ ಖಾತೆ, ಅವರ ಮಕ್ಕಳು. ನಿಯಮವೊಂದೇ ನಿಮ್ಮದು. ಮುಸ್ಲಿಮರಲ್ಲಿ ಜಕಾತ್ ಶತಮಾನಗಳಿಂದ ಹಾಗೇ ನಡೆದುಬಂದಿದೆ. ನಿಗದಿಗಿಂತ ಹೆಚ್ಚಿನ ಉಳಿತಾಯ ಒಂದು ವರ್ಷ ಕೈಯಲ್ಲಿ ನಿಂತರೆ ಅದರ ನಲವತ್ತನೇ ಒಂದು ಪಾಲು ಅರ್ಹರಿಗೆ ಸಲ್ಲಬೇಕು. ಎಷ್ಟೋ ಕಡೆ ಅದನ್ನು ವಸೂಲು ಮಾಡುವ ಕಚೇರಿಯೇ ಇಲ್ಲ. ಒಂದೇ ಉಸಿರಿಗೆ ಹೇಳಿ ಮುಗಿಸಬಹುದಾದ ನಿಯಮ, ಅದಕ್ಕೇ ಕೋಟ್ಯಂತರ ಮಂದಿಗೆ ಅದು ಗೊತ್ತು. ನಿಮ್ಮದೂ ಅಷ್ಟೇ ಚಿಕ್ಕದು: ನೂರಕ್ಕೆ ಐದು, ಕೊಡುವ ಮುಂಚೆ ಮನೆ ನೋಡು. ಸಾವಿರಾರು ಜನಕ್ಕೆ ಮುಟ್ಟಬೇಕಾದದ್ದು ಈ ಎರಡು ಮಾತು.

ಆಯ್ದಕ್ಕಿ ಲಕ್ಕಮ್ಮನ ಕತೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ. ಗಂಡ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ವಾಪಸ್ ಸುರಿದು ಬಾ ಎಂದವಳು ಅವಳು. ಅದೇ ಲಕ್ಕಮ್ಮ ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ಉಣಿಸಿದಳು ಎಂದೂ ಐತಿಹ್ಯ ಹೇಳುತ್ತದೆ. ಪವಾಡ ನನ್ನ ಲೆಕ್ಕದ ಪುಸ್ತಕಕ್ಕೆ ಬರುವುದಿಲ್ಲ. ಆದರೆ ಉಣ್ಣುವವರ ಸಂಖ್ಯೆಗೂ ತರುವ ಅಕ್ಕಿಗೂ ಎರಡು ಬೇರೆ ಬೇರೆ ಅಳತೆ ಇಟ್ಟಿದ್ದಳಲ್ಲ, ಅದನ್ನು ಮಾತ್ರ ಮೆಚ್ಚುತ್ತೇನೆ.

ಹಾಗಾದರೆ ರೀಲು ನೋಡಿದ ಆ ಮೂರು ಲಕ್ಷ? ಇಲ್ಲಿ ಹುಡುಗನ ಕೈಗೆ ಬಂದಿರುವುದು ಏನೆಂದು ಅವನಿಗೇ ತಿಳಿದಿಲ್ಲ. ಕಲಬುರಗಿ ಸುತ್ತಿನ ಮೂರು ಲಕ್ಷ ಜನ ನೋಡಿದ್ದಾರೆ ಅಂದರೆ ಅವರಲ್ಲಿ ಕೊಡುವವರಿಗಿಂತ ಬೇಕಾದವರೇ ಹೆಚ್ಚು. ಎಷ್ಟು ಮಕ್ಕಳು ಸರ್ಕಾರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿಯನ್ನೇ ಹಾಕುವುದಿಲ್ಲ, ಹಾಕಿದವರಿಗೆ ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿಲ್ಲವೆಂದು ದುಡ್ಡು ಬರುವುದಿಲ್ಲ, ನಾಡಕಚೇರಿಯ ಜಾತಿ ಆದಾಯ ಪ್ರಮಾಣಪತ್ರದ ಅವಧಿ ಮುಗಿದದ್ದು ಕೊನೆಯ ದಿನವೇ ಗೊತ್ತಾಗುತ್ತದೆ! ಶಿಕ್ಷಕಿಯಾದ ನಿಮಗೆ ಇದನ್ನು ನಾನು ಹೇಳಬೇಕಿಲ್ಲ. ಒಂದೊಂದು ನಿಮಿಷದ ಐದಾರು ರೀಲು ಮಾಡಲಿ ಅವನು, ನಮ್ಮ ಕಲಬುರಗಿ ಮಾತಿನಲ್ಲಿ, ಯಾವ ಕಾಗದ, ಯಾವ ಕಚೇರಿ, ಯಾವ ತಿಂಗಳು ಎಂದು. ಇಂಥ ಮಾಹಿತಿಗೆ ಆರಿಸುವವರು ಬೇಡ, ಅದೂ ದಾಸೋಹದ ಪಂಕ್ತಿಯೇ.

ಒಂದು ಮಾತು ಸೇರಿಸಬೇಕು. ಕೆಲವು ಕೊರತೆಗಳು ಯಾವ ದಾನಿಗೂ, 34 ಮಂದಿಗೂ, ಹತ್ತು ಸಾವಿರಕ್ಕೂ ಎಟುಕುವುದಿಲ್ಲ. ಶಾಲೆಯ ಮಧ್ಯಾಹ್ನದ ಬಿಸಿಯೂಟ ನೋಡಿ. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಬೇಕೆಂದು ಹೇಳಿತು. 2002ರಲ್ಲಿ ನಮ್ಮ ರಾಜ್ಯ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟು ಮೊದಲು ಕಲಬುರಗಿ, ಬೀದರ ಸೇರಿ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭಿಸಿತು. ಮೊಟ್ಟೆಯೂ ಹಾಗೇ: ಈ ಭಾಗದ ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚೆಂದು 2021ರ ಡಿಸೆಂಬರಿನಲ್ಲಿ ಇಲ್ಲಿ ಕೊಡಲು ಶುರು ಮಾಡಿದರು, ಕೆಲವು ಮಠಾಧೀಶರು ವಿರೋಧಿಸಿದರು, ಯಾದಗಿರಿ ಮಕ್ಕಳ ತೂಕ ಎತ್ತರ ಅಳೆದು ನೋಡಿದಾಗ ಗುಣ ಕಂಡಿತು, ಮುಂದೆ ಇಡೀ ರಾಜ್ಯಕ್ಕೆ ಬಂತು. ಎಂಟು ವರ್ಷ ಮನೆಮನೆ ನೋಡಿದ ನಿಮ್ಮ ರಿಜಿಸ್ಟರಿನಲ್ಲಿ ಇಂಥದೇನಾದರೂ ಇದೆಯೇ ಹುಡುಕಿ. ಯಾವ ಊರಿಗೆ ಬಸ್ಸಿಲ್ಲದ್ದರಿಂದ ಹುಡುಗಿಯರು ಪಿಯುಸಿ ಬಿಟ್ಟರು ಎಂಬ ಪಟ್ಟಿ ನಿಮ್ಮಲ್ಲಿ ಇದ್ದರೆ ಅದನ್ನು ಸಾರಿಗೆ ಡಿಪೊಗೆ ಒಯ್ಯಿರಿ. ಒಂದು ಬಸ್ಸು ಬಂದರೆ ಎಷ್ಟು ಹುಡುಗಿಯರಿಗೆ ಆಯಿತು!

ಕಾನೂನಿನ ವಿಷಯ ಚುಟುಕಾಗಿ. ಇಷ್ಟು ದಿನ ನೀವು ಗೆಳೆಯರು ಕೂಡಿ ಕೊಟ್ಟಿರಿ, ಯಾರೂ ಕೇಳಲಿಲ್ಲ. ಹೊರಗಿನವರಿಂದ ಒಂದು ರೂಪಾಯಿ ತಗೊಂಡರೂ ನೋಂದಣಿ ಬೇಕೆಂದೇ ತಿಳಿಯಿರಿ: 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಲು ಏಳು ಮಂದಿ ಸಾಕು. ದಾನಿಗಳಿಗೆ ನಾವು ಇಷ್ಟು ವರ್ಷ 80ಜಿ ಎಂದು ಕರೆದುಬಂದ ತೆರಿಗೆ ವಿನಾಯಿತಿ ಬೇಕಿದ್ದರೆ ಅದಕ್ಕೆ ಬೇರೆ ಅನುಮತಿ ಪಡೆಯಬೇಕು. ಎರಡು ಸಾವಿರ ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಆ ವಿನಾಯಿತಿ ಸಿಗುವುದಿಲ್ಲ, ಮತ್ತು ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯನ್ನು ಪ್ರತಿ ವರ್ಷ ಇಲಾಖೆಗೆ ಸಲ್ಲಿಸಬೇಕು. ಹತ್ತು ಸಾವಿರ ಹೆಸರಿನ ಆ ಪಟ್ಟಿ ಮಾಡುವವರು ಯಾರು ಎಂದು ಹುಡುಗನನ್ನು ಒಮ್ಮೆ ಕೇಳಿ ನೋಡಿ.

ಕೊನೆಗೊಂದು ಅನುಮಾನ. ರೀಲಿನ ಕೆಳಗೆ ಅವನು ಕ್ಯೂಆರ್ ಕೋಡ್ ಏನಾದರೂ ಹಾಕಿದ್ದಾನೆಯೇ? ಅದು ಅವನ ಸ್ವಂತ ಖಾತೆಯದಾಗಿದ್ದರೆ ಇವತ್ತೇ ತೆಗೆಸಿ. ಬಂದ ದುಡ್ಡಿನ ಪ್ರತಿಯೊಂದು ಸಾಲನ್ನೂ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಗುರುತು ಮಾಡಿ, ಕಳಿಸಿದವರಿಗೆ ವಾಪಸ್ ಮಾಡಿಸಿ. ಹುಡುಗನನ್ನು ಬೈಯಬೇಡಿ. ಮುಂದಿನ ಭಾನುವಾರ ಆ ಹಿರಿಯರನ್ನೂ ಅವನನ್ನೂ ಒಂದೇ ಬಸ್ಸಿನಲ್ಲಿ ಚಿಂಚೋಳಿಗೆ ಕಳಿಸಿ.